ಮೂರು ಚಮಚ ತೀರ್ಥ

ಕಾಕಾರ ಮುಖದ ಮೇಲೆ ಹುಬ್ಬುಗಳೇ ಇರಲಿಲ್ಲ. ಹದಿನೆಂಟರ ವಯಸ್ಸಿನಲ್ಲೇ ಕುಲುಮೆಯ ಝಳಕ್ಕೆ ಸುಟ್ಟುಹೋದವು ಮತ್ತೆ ಬಂದಿರಲಿಲ್ಲ. ಅದಕ್ಕೇ ಅವರು ಯಾವಾಗಲೂ ಏನೋ ಕೇಳಿ ಬೆರಗಾದವರ ಹಾಗೆ ಕಾಣುತ್ತಿದ್ದರು. ಮದುವೆಯಾಗಿ ಕುಷ್ಟಗಿಗೆ ಬಂದ ಹೊಸದರಲ್ಲಿ ಅವರನ್ನು ನೋಡಿ ನಗು ತಡೆಯಲಾಗದೆ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆ. ಅವರು ಸಿಟ್ಟಾಗಲಿಲ್ಲ.

"ನಗು ಯವ್ವಾ, ನಗು. ನನ್ನ ಹೆಣ್ತಿನೂ ಅಕ್ಕಿಕಾಳು ಹಾಕೂ ಮುಂದ ಹಿಂಗ ನಕ್ಕಿದ್ಲು" ಅಂದರು.

ಅವರು ನಮ್ಮ ಸಂಬಂಧಿಕರಲ್ಲ. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಹಿತ್ತಾಳೆಯ ಎರಕ ಹೊಯ್ಯುತ್ತಿದ್ದವರು. ದೇವರ ಮುಖ, ಗಂಟೆ, ದೀಪದ ಸಮೆ ಏನು ಮಾಡಿದರೂ ಮೇಣದ ಪದ್ಧತಿಯಲ್ಲೇ ಮಾಡುತ್ತಿದ್ದರು. ಓಣಿಗೆಲ್ಲ ಕಾಕಾ, ನನಗೂ ಕಾಕಾ.

ನಮ್ಮಿಬ್ಬರ ನಂಟು ಬೆಳೆದದ್ದು ಭತ್ತದ ಹೊಟ್ಟಿನಿಂದ. ನನ್ನ ತವರು ಶ್ರೀರಾಮನಗರದ ಕಡೆ, ಎಲ್ಲಿ ನೋಡಿದರೂ ಗದ್ದೆ, ಕಾಲುವೆ. ಕುಷ್ಟಗಿಯಲ್ಲಿ ಜೋಳ, ದಾಳಿಂಬೆ. ಭತ್ತದ ಹೊಟ್ಟು ಎಲ್ಲಿಂದ ಬರಬೇಕು? ಮೇಣದ ಗೊಂಬೆಗೆ ಮೊದಲು ಹುತ್ತದ ಮಣ್ಣು ನುಣ್ಣಗೆ ಅರೆದು ಬಳಿಯಬೇಕು, ಅದರ ಮೇಲಿನ ಪದರಕ್ಕೆ ಮಣ್ಣಿನೊಂದಿಗೆ ಹೊಟ್ಟು, ಸಗಣಿ ಬೆರೆಸಬೇಕು. ಹೊಟ್ಟಿದ್ದರೆ ಅಚ್ಚು ಬಿರುಕು ಬಿಡುವುದಿಲ್ಲ. ಒಂದು ದಿನ ಕಾಕಾ ಬಾಗಿಲಿಗೆ ಬಂದು, "ನಿಮ್ಮ ಕಡೆ ಮಿಲ್ಲಿನ ಹಿಂದ ಹೊಟ್ಟು ಗುಡ್ಡಿ ಬಿದ್ದಿರತೈತಂತಲ್ಲ ಯವ್ವಾ?" ಎಂದು ಸಂಕೋಚದಿಂದ ಕೇಳಿದರು. ಅಂದಿನಿಂದ ತವರಿಗೆ ಹೋದಾಗಲೆಲ್ಲ ಒಂದು ಚೀಲ ಹೊಟ್ಟು ತರುವುದು ನನ್ನ ಕೆಲಸವಾಯಿತು. ಬಸ್ಸಿನ ಕಂಡಕ್ಟರ್ ಒಮ್ಮೆ, "ಏನ್ರಿ ಅಕ್ಕಾರ, ಎಲ್ಲಾರೂ ತವರಿಂದ ಸೀರಿ ತರ್ತಾರ, ನೀವು ಹೊಟ್ಟು ತರ್ತೀರಿ!" ಎಂದು ಇಡೀ ಬಸ್ಸನ್ನೇ ನಗಿಸಿದ್ದ.

ಹೊಟ್ಟು ಇಳಿಸಿದ ಮೇಲೆ ಕಾಕಾರ ತಗಡಿನ ಶೆಡ್ಡಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಮೇಣಕ್ಕೆ ರಾಳ ಬೆರೆಸಿ, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಶಾವಿಗೆಗಿಂತ ಸಣ್ಣ ಎಳೆ ಹೊಸೆದು, ದೇವಿಯ ಮೂಗುತಿಗೆ ಸುತ್ತುತ್ತಿದ್ದರು. ಅವರ ಮಗ ಹಿಟ್ನಾಳದ ಹೆದ್ದಾರಿಯ ಪಕ್ಕ ಮರಳಿನ ಎರಕದ ಶೆಡ್ಡು ಹಾಕಿದ್ದ. ಪಂಪಿನ ಬಿಡಿಭಾಗ, ಗಂಟೆ ಇಳಿಸುತ್ತಿದ್ದ. ಬಂದಾಗಲೆಲ್ಲ ಅಪ್ಪ ಮಗನಿಗೆ ಇದೇ ವಾದ.

"ಅಪ್ಪಾ, ನೀ ಒಂದು ಮುಖಾ ಮಾಡೂದ್ರಾಗ ನಾ ಐವತ್ತು ಗಂಟಿ ಇಳಸ್ತೀನಿ."

"ಇಳಸಪಾ. ಒಂದೀಟು ಬಾರಿಸಿ ನೋಡಿ ಕೊಡು. ಹೋದ ಸಲದ್ದು ತಗಡು ಬಡದಂಗ ಕೇಳತಿತ್ತು."

ಮಗ ಹೋದ ಮೇಲೆ ನನಗೆ ತಿಳಿಸಿ ಹೇಳುತ್ತಿದ್ದರು. "ಮರಳಿನ್ಯಾಗ ಗೊಂಬಿ ಒತ್ತಿ ತಗದ್ರ ಕುಳಿ ಉಳೀತೈತಿ, ಅದರಾಗ ಸುರೀಬೇಕು. ಗೊಂಬಿ ಹಂಗ ಇರತೈತಿ, ನಾಳಿ ಮತ್ತ ಒತ್ತು. ಸಾವಿರ ತಗದ್ರೂ ಎಲ್ಲಾ ಒಂದ ಮುಖಾ. ಪ್ಯಾಟ್ಯಾಗ ಹೊಳಿಯೂ ದೀಪ ನೋಡೀಯಲ್ಲ, ಅವು ಕಬ್ಬಿಣದ ಅಚ್ಚಿನ್ಯಾವು, ಇನ್ನೂ ಲಗೂನ ಬರ್ತಾವ. ಮೇಣದ್ದು ಹಂಗಲ್ಲ. ಮೇಣ ಕರಗಿ ಹೋತು ಅಂದ್ರ ಹೋತು. ಅದು ಬಿಟ್ಟ ಜಾಗದಾಗ ಹಿತ್ತಾಳಿ ಹೋಗಿ ಕುಂದರತೈತಿ. ಅಚ್ಚು ಒಡದ ತಗೀಬೇಕು. ಆ ಮುಖಾ ಒಂದ ಸಲ ಹುಟ್ಟೂದು."

ನಾಲ್ಕು ವರ್ಷದ ಹಿಂದೆ, ಮಹಾನವಮಿಗೆ ಎಂಟು ದಿನ ಮೊದಲು, ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ನಮ್ಮ ಮನೆದೇವಿಯ ಮುಖ ನನ್ನ ಕೈಜಾರಿ ಹಿತ್ತಲ ಕಲ್ಲಿನ ಮೇಲೆ ಬಿತ್ತು. ಕಿವಿಯಿಂದ ಗಲ್ಲದವರೆಗೆ ಸೀಳಿತು. ಅತ್ತೆ ನನ್ನನ್ನು ಬೈಯಲಿಲ್ಲ. ನೆರೆಯವರ ಮುಂದೆ, "ಈ ಹೆಣ್ಣಿನ ಕೈಯಾಗ ದೇವರು ಸೈತ ಉಳೀಲಿಲ್ಲ" ಅಂದರು. ಬೈದಿದ್ದರೆ ವಾಸಿ ಇತ್ತು.

ಭಿನ್ನವಾದ ಮುಖಕ್ಕೆ ಪೂಜೆಯಿಲ್ಲ. ನಮ್ಮಲ್ಲಿ ಅದೇ ಹಿತ್ತಾಳೆ ಕರಗಿಸಿ, ಅದರಲ್ಲೇ ಹೊಸ ಮುಖ ಹೊಯ್ಯಿಸಬೇಕು. ಒಂದು ಗುಂಜಿಯೂ ಬೇರೆಡೆ ಹೋಗಬಾರದು. ಕೆಲಸ ಕಾಕಾರಿಗೇ ಬಂತು. ತಿಂಗಳ ಮೇಲಾಯಿತು ಮೇಣದ ಮುಖ ಮೂಡಲು. ಅತ್ತೆ ದಿನಾ ಸಂಜೆ ಹೋಗಿ ನಿಲ್ಲುತ್ತಿದ್ದರು. "ಯಣ್ಣಾ, ಮೂಗು ಇನ್ನೊಂದೀಟು ಚೂಪ ಇತ್ತು." "ಆತ್ರಿ ಅಕ್ಕಾರ, ನಾಳಿ ಚೂಪ ಮಾಡ್ತೀನಿ." ಆ ಮುಖ ನೋಡಲು ಸುತ್ತಲಿನ ನಾಲ್ಕು ಊರಿನ ಗುಡಿಯ ಹಿರಿಯರೂ ಬಂದು ಹೋದರು. ಇದು ಛಲೋ ಬಂದರೆ ತಮ್ಮೂರ ದೇವಿಯದನ್ನೂ ಕಾಕಾರಿಂದಲೇ ಮಾಡಿಸುವುದೆಂದು ಮಾತಾಗಿತ್ತು. ಕಾಕಾ ಅಷ್ಟು ಹಿಗ್ಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಎರಕದ ದಿನ ಬೆಳಿಗ್ಗೆ ಅಚ್ಚಿಗೆ ನಾಲಿಗೆ ತುದಿ ಇಟ್ಟು ನೋಡಿದರು. ಅದು ಅವರ ರೂಢಿ. ಒಣಗಿದ ಮಣ್ಣು ನಾಲಿಗೆಗೆ ಅಂಟುತ್ತದೆ, ಹಸಿಯಿದ್ದರೆ ಅಂಟುವುದಿಲ್ಲ. ಅಂಟಿತು. ಅಚ್ಚನ್ನು ಬೆಂಕಿಯಲ್ಲಿ ಕಾಯಿಸಿ ಮೇಣವೆಲ್ಲ ಇಳಿಸಿ, ಬಾಯಿ ಮೇಲಾಗಿ ಕುಣಿಯಲ್ಲಿ ನಿಲ್ಲಿಸಿ, ಹಂಚು ಮುಚ್ಚಿದರು. ಆಮೇಲೆ ಹಿತ್ತಾಳೆ ಕರಗಿಸುವ ಮೂಸೆ ಕಾಯಿಸಲು ಕುಲುಮೆಯ ಕಡೆ ತಿರುಗಿದರು. ಅತ್ತೆ ಉಪವಾಸವಿದ್ದು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು.

ನನ್ನ ಕೈಯಲ್ಲಿ ಗುಡಿಯಿಂದ ತಂದ ತೀರ್ಥದ ಗಿಂಡಿ ಇತ್ತು. ಬೀಳಿಸಿದವಳು ನಾನು, ತಾಯಿ ಹುಟ್ಟುವ ಜಾಗವನ್ನು ಶುದ್ಧ ಮಾಡುವವಳೂ ನಾನೇ ಆಗಬೇಕು ಅನ್ನಿಸಿತು. ಯಾರನ್ನೂ ಕೇಳಲಿಲ್ಲ. ಹಂಚು ಸರಿಸಿ ಮೂರು ಚಮಚ ತೀರ್ಥ ಅಚ್ಚಿನ ಬಾಯಿಗೆ ಬಿಟ್ಟೆ, ಉಳಿದದ್ದನ್ನು ಸುತ್ತ ಚಿಮುಕಿಸಿದೆ. ಒಳಗಿಂದ ಚುಂಯ್ ಎಂದಿತು. ತಾಯಿ ಒಪ್ಪಿಕೊಂಡಳು ಅಂದುಕೊಂಡೆ. ಕೈಮುಗಿದು ಹಂಚು ಮುಚ್ಚಿದೆ.

ಹಸಿ ಅಚ್ಚಿಗೆ ಕಾದ ಲೋಹ ಬಿದ್ದರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾಕಾ ಇಕ್ಕಳದಲ್ಲಿ ಮೂಸೆ ಹಿಡಿದು ಸುರಿಯಲು ಶುರುಮಾಡಿದ ಕ್ಷಣಕ್ಕೆ ಅಚ್ಚು ಉಗುಳಿತು. ಹಿತ್ತಾಳೆ ಮೇಲಕ್ಕೆ ಸಿಡಿದು ಅವರ ಬಲಗೈ ಮೇಲೆ ಬಿತ್ತು. ಮೂಸೆ ಉರುಳಿತು. ಅತ್ತೆ ಓಡಿಬಂದು, "ಏನಾತೋ ಯಣ್ಣಾ? ಏನಾತು?" ಎಂದು ಚೀರಿದರು.

ಕಾಕಾ ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದರು. ಒಮ್ಮೆ ನನ್ನ ಕೈಯಲ್ಲಿದ್ದ ಖಾಲಿ ಗಿಂಡಿ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಅತ್ತೆಗೆ ಹೇಳಿದರು: "ನಂದ ತಪ್ಪರಿ ಅಕ್ಕಾರ. ಅಚ್ಚು ಇನ್ನೂ ಹಸೀ ಇತ್ತು. ನಾ ಅವಸರಾ ಮಾಡಿದೆ."

ನಾನು ಬಾಯಿ ತೆರೆಯಲಿಲ್ಲ. ಹೆದರಿದ್ದೆ ಅನ್ನುವುದು ನಿಜ, ಆದರೆ ಮರುದಿನ, ಮರುವಾರ ಹೆದರಿಕೆ ಇಳಿದ ಮೇಲೂ ತೆರೆಯಲಿಲ್ಲ. ಅದಕ್ಕೆ ನನ್ನ ಹತ್ತಿರ ಬೇರೆ ಹೆಸರಿಲ್ಲ.

ಕಣ್ಣು ಉಳಿದವು, ದೇವರು ದೊಡ್ಡವನು. ಕೈ ಉಳಿಯಿತು. ಆದರೆ ದವಾಖಾನೆಯಿಂದ ಬರುವಾಗ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಕೊಕ್ಕೆಯ ಹಾಗೆ ಮುದುಡಿದ್ದವು. ಮೇಣದ ಎಳೆ ಹೊಸೆಯುವ ಬೆರಳುಗಳೇ ಅವು. ಊರಲ್ಲಿ ಸುದ್ದಿ ಹಬ್ಬಿತು: ಮುದುಕನಿಗೆ ಹಸಿ ಯಾವುದು ಒಣ ಯಾವುದು ತಿಳಿಯದಾಗಿದೆ. ನಾಲ್ಕು ಊರಿನ ಹಿರಿಯರೂ ಬೇರೆ ಕಡೆ ಹೋದರು. "ವಯಸ್ಸಾದ ಮ್ಯಾಲೆ ಬಿಡಬೇಕಿತ್ತು" ಎಂದು ಅತ್ತೆ ನನ್ನ ಮುಂದೆಯೇ ಅಂದರು, ನಾನು ರೊಟ್ಟಿ ಬಡಿಯುತ್ತಲೇ ಇದ್ದೆ.

ಚೆಲ್ಲಿದ ಹಿತ್ತಾಳೆ ಬಳಿದುಕೊಂಡು ಮಗನೇ ಮರಳಿನಲ್ಲಿ ನಮ್ಮ ದೇವಿಯನ್ನು ಹೊಯ್ದುಕೊಟ್ಟ. ಬೇರೆ ಯಾರದೋ ಮನೆಯ ದೇವಿಯ ಮುಖ ಒತ್ತಿ ತೆಗೆದದ್ದು. ಮೂಗು ಮೊಂಡ. ಮರಳಿನ ಎರಡು ಪೆಟ್ಟಿಗೆ ಕೂಡುವಲ್ಲಿ ಬಿದ್ದ ಗೆರೆ, ಅರದಿಂದ ಉಜ್ಜಿದರೂ ಕಿವಿಯ ಹಿಂದೆ ಇನ್ನೂ ಇದೆ. ದಿನಾ ಕುಂಕುಮ ಹಚ್ಚುವಾಗ ನನ್ನ ಬೆರಳಿಗೆ ತಾಕುತ್ತಿತ್ತು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ, ಕೊಪ್ಪಳಕ್ಕೆ ಹೋದವಳು ಬರುವಾಗ ಹಿಟ್ನಾಳಕ್ಕೆ ಹೋಗಿ ಮಗನ ಶೆಡ್ಡು ಹುಡುಕಿದೆ. ಕಾಕಾ ಅಲ್ಲೇ ಇದ್ದರು. ಮುಷ್ಟಿಯಲ್ಲಿ ದಿಮ್ಮಸು ಹಿಡಿದು ಪೆಟ್ಟಿಗೆಯಲ್ಲಿ ಮರಳು ಬಡಿಯುತ್ತಿದ್ದರು. ಆ ಕೆಲಸಕ್ಕೆ ಬೆರಳು ಬೇಡ, ಮುಷ್ಟಿ ಸಾಕು. ನನ್ನನ್ನು ನೋಡಿ ನಕ್ಕರು.

"ಬಾ ಯವ್ವಾ. ನೋಡು, ಮಗನ ಕಡೆ ಕೂಲಿ ಅದೀನಿ. ಛಾ ಮಾತ್ರ ಹೊತ್ತಿಗೆ ಸರಿಯಾಗಿ ಕೊಡ್ತಾನ."

"ಕಾಕಾ, ಇವತ್ತು ಅತ್ತಿ ಮುಂದ ಎಲ್ಲಾ ಹೇಳಿಬಿಡ್ತೀನಿ."

ದಿಮ್ಮಸು ಕೆಳಗಿಟ್ಟರು. "ಹೇಳಿದ್ರ ನನ್ನ ಬೆರಳು ನೆಟ್ಟಗಾಗ್ತಾವೇನು? ಆ ಮನ್ಯಾಗ ಬಾಳುವೆ ಮಾಡಾಕಿ ನೀ. ಮೊದಲ ಮುಖಾ ಒಡದೀ ಅಂತ ಅಂದಾಡ್ಯಾರ. ಸುಮ್ಮನಿರು." ಪೆಟ್ಟಿಗೆಯ ಮರಳನ್ನು ಅಂಗೈಯಿಂದ ಸವರಿ ಮತ್ತೆ ಅಂದರು: "ನಾ ಇದಕ್ಕ ಭಾಳ ಬೈದೀನಿ. ಆದ್ರ ಮರಳೂ ಕೆಟ್ಟದ್ದಲ್ಲ ಬಿಡು. ಸರಿ ಬರಲಿಲ್ಲಂದ್ರ ಕೆಡವಿ ಮತ್ತ ಬಡೀತೀನಿ. ಮೇಣ ಒಂದ ಸಲಾನೂ ತಪ್ಪು ಮಾಫ ಮಾಡತಿರಲಿಲ್ಲ."

"ಹಂಗಾದ್ರ ನಾ ಹೆಂಗ ಇರಬೇಕು ಕಾಕಾ?"

"ನಾ ಹೋದ ಮ್ಯಾಲೆ ಹೇಳಾಕಿದ್ರ ಹೇಳು. ಆವಾಗ ನಿನ್ನ ತಡಿಯಾಕ ಯಾರಿರ್ತಾರ?" ಎಂದು ನಕ್ಕು, ಮತ್ತೆ ದಿಮ್ಮಸು ಎತ್ತಿಕೊಂಡರು. ಅವರು ಸುಮ್ಮನಿರು ಅಂದದ್ದು ನನಗೂ ಬೇಕಾಗಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಈ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ನರಳದೆ ಹೋದರು, ಅಷ್ಟು ದಯೆ ತೋರಿದ ದೇವರು. ಹನ್ನೊಂದನೇ ದಿನದ ಊಟಕ್ಕೆ ಅತ್ತೆಯ ಜೊತೆ ನಾನೂ ಹೋಗಿದ್ದೆ. ಪಂಕ್ತಿಯಲ್ಲಿ ಯಾರೋ, "ಕೈ ಭಾಳ ಛಲೋ ಇತ್ತು, ಕಡೀಕ ಕೆಟ್ಟಿತು ನೋಡ್ರಿ" ಅಂದರು. ಬಡಿಸುತ್ತಿದ್ದ ಮಗ, "ಹೌದ್ರಿ, ಅಪ್ಪಗ ಆ ದಿನ ಹಸೀ ತಿಳೀಲಿಲ್ಲ" ಅಂದ.

ನಾನು ಎಲೆಯ ಮುಂದಿನಿಂದ ಎದ್ದು ನಿಂತೆ. "ಕಾಕಾರು ನಾಲಿಗಿ ಇಟ್ಟು ನೋಡಿದ್ರು. ಅಚ್ಚು ಒಣಗಿತ್ತು. ಅವರು ಆಕಡೆ ತಿರುಗಿದಾಗ ತೀರ್ಥ ಹಾಕಿದಾಕಿ ನಾನು" ಅಂದೆ.

ಅತ್ತೆ ಅರ್ಧ ಉಂಡ ಎಲೆಯನ್ನು ಮಡಚಿ ಎದ್ದು ಹೋದರು. ಅಂದಿನಿಂದ ದೇವರ ಕೋಣೆಯೊಳಗೆ ನನ್ನನ್ನು ಬಿಡುವುದಿಲ್ಲ. ರೊಟ್ಟಿ ಮಾತ್ರ ನನ್ನ ಕೈಯಿಂದಲೇ ತಿನ್ನುತ್ತಾರೆ. ಅದನ್ನೂ ದಯೆ ಎಂದೇ ಎಣಿಸುತ್ತೇನೆ.

ಕಾಕಾರ ಮಗ ನನ್ನನ್ನು ಬೈಯಬಹುದಿತ್ತು. ಸಾರಿನ ಬಕೆಟ್ ಹಿಡಿದು ಮುಂದಿನ ಎಲೆಗೆ ಬಡಿಸುತ್ತಾ ಹೋದ. ಊಟ ಮುಗಿದ ಮೇಲೆ ಅಂಗಳಕ್ಕೆ ಬಂದು, "ಇಲ್ಲಿ ಕುಂತವರು ಕೇಳಿದ್ರು. ಅಪ್ಪನ ಮ್ಯಾಲೆ ನಂಬಿಕಿ ಬಿಟ್ಟವರಿಗೆ ಯಾರು ಹೇಳ್ತಾರ್ರಿ ಅಕ್ಕಾರ? ನಾ ಹೋದ್ರ, ಮಗ ಅಲ್ಲೇನು, ಅಪ್ಪನ ಪರ ಹೇಳ್ತಾನ ಅಂತಾರ" ಅಂದ.

ಹೋದ ಸೋಮವಾರ ಮೊದಲ ಊರಿಗೆ ಹೋದೆ. ಯಲಬುರ್ಗಾ ರಸ್ತೆಯಲ್ಲಿ ಬಸ್ಸಿಳಿದು ಅರ್ಧ ತಾಸು ನಡೆಯಬೇಕು. ಗುಡಿಯ ಕಟ್ಟೆಯ ಮೇಲೆ ಅಂದು ಕಾಕಾರ ಶೆಡ್ಡಿಗೆ ಬಂದಿದ್ದ ಹಿರಿಯರೇ ಕೂತಿದ್ದರು. ಎಲ್ಲ ಕೇಳಿಸಿಕೊಂಡು, "ಸತ್ತ ಮ್ಯಾಲೆ ಹೇಳಾಕ ಬಂದೀಯೇನವಾ?" ಎಂದು ಕೇಳಿದರು.

"ಹೌದ್ರಿ. ತಡಾ ಮಾಡಿದೆ."

ಅವರು ಕಟ್ಟೆಯಿಂದ ಎದ್ದರು. ಆಮೇಲೆ ಗುಡಿಯೊಳಗಿದ್ದವರನ್ನು ಕೂಗಿದರು: "ಬರ್ರಿ ಇಲ್ಲೆ, ಆ ಎರಕದವರ ವಿಷಯ ಐತಿ. ಈ ತಂಗಿ ಹೇಳ್ತಾಳ, ಎಲ್ಲಾರೂ ಕೇಳ್ರಿ."

ಏಳೆಂಟು ಮಂದಿ ಬಂದು ನಿಂತರು. ನಾನು ಮೊದಲಿಂದ ಮತ್ತೆ ಹೇಳಿದೆ. ಇನ್ನು ಮೂರು ಊರು ಉಳಿದಿವೆ.