ಎಣ್ಣಿ ಉಂಡ ಚೆಂಡು

ಮಾಲು ತರಾಕ ಸುರಪುರದ ಸಾಹುಕಾರನ ಜೋಡಿ ಹೈದರಾಬಾದಿಗೆ ಹೋಗ್ತಿರ್ತೀನಿ. ಅಲ್ಲಿ ಅಂವಗ ಬೌಲಿಂಗ್ ಹುಚ್ಚು ಹತ್ತಿತು, ಲೇನ್ ಅನ್ನೋ ಉದ್ದನ ಕಟಿಗಿ ಹಾದಿ ಮ್ಯಾಲ ಚೆಂಡು ಉರುಳಿಸಿ ತುದಿಗೆ ನಿಂತ ಬಾಟ್ಲಿಯಂಥ ಪಿನ್ನು ಕೆಡವೋ ಆಟ. ಎಣ್ಣಿ ಸವರಿದ ಲೇನಿನ ಮ್ಯಾಲೂ ಕೊನಿಗೆ ಗಕ್ಕನ ನಡುವಿಗೆ ಹೊರಳಿ ಪಿನ್ನು ಕೆಡವೋ ತುಟ್ಟಿ ಚೆಂಡು ಕೊಂಡ. “ಇದರ ಮೈಗೆ ಎಣ್ಣಿ ಕುಂತ್ರ ಹೊರಳಂಗಿಲ್ರಿ, ಒರಸ್ಕೋತ ಇರ್ರಿ” ಅಂತ ಅಂಗಡಿಯಾಂವ ಸಾರಿ ಸಾರಿ ಹೇಳಿದ್ದ.

ನಮ್ಮ ಶ್ಯಾಣ್ಯಾ ಸಾಹುಕಾರ ಕೇಳಬೇಕಲ್ಲ! ಆಯುಧಪೂಜಿ ದಿನ ಟ್ರ್ಯಾಕ್ಟರ್ ಬಾಜೂಕ ಚೆಂಡಿಟ್ಟು, ಕುಸುಬಿ ಎಣ್ಣಿ ಮಿಂಚೂವಂಗ ತಿಕ್ಕಿ, ಕುಂಕುಮ ಹಚ್ಚಿ ಕೈಮುಗದ.

ಮುಂದಿನ ಸಲ ಹೈದರಾಬಾದಿಗೆ ಆಟ ತೋರಸಾಕಂತ ಹೊಸ ಬೀಗರನ್ನೂ ಕರಕೊಂಡು ಬಂದ. ಚೆಂಡು ನಡುವಿಗೆ ಹೊರಳ್ತದಂತ ನಂಬಿ ಲೇನಿನ ಅಂಚಿಗೆ ಒಗದ. ಅದು ಸೀದಾ ಹೋಗಿ ಲೇನಿನ ಬಾಜೂದ ಗಟಾರಕ್ಕ ಬಿತ್ತು, ಒಂದು ಪಿನ್ನೂ ಬೀಳಲಿಲ್ಲ. ಬೀಗರು ಟವಲ್ಲಿನಾಗ ನಗು ಮುಚ್ಚಿಕೊಂಡ್ರು.

“ಈ ಲೇನಿಗೆ ಈ ಚೆಂಡು ಹೊಂದಂಗಿಲ್ಲ. ಬ್ಯಾರೇದು ತರಸ್ತೀನಿ,” ಅಂದ.

“ತರಸ್ರಿ ಸಾಹುಕಾರ್ರ,” ಅಂದೆ. “ಎಣ್ಣಿ ನಾ ಕೊಡಸ್ತೀನಿ.”