ಖಬರಸ್ತಾನದ ದಾರಿ

ಕಲಘಟಗಿ ಸೀಮೆಯ ಒಂದು ಸಣ್ಣ ಊರಿನಲ್ಲಿ ಹಳೆ ಬಟ್ಟೆ ತುಂಡುಗಳಿಂದ ಕೌದಿ ಹೊಲಿಯುವ ರಾಜಮಾಬಿಗೆ ಕಾಗದ, ಪೆನ್ನು ಹಿಡಿದು ಬರುವವರನ್ನು ಕಂಡರೆ ಆಗುತ್ತಿರಲಿಲ್ಲ. ಐದಾರು ವರ್ಷದ ಹಿಂದೆ ಯಾರೋ ಇಬ್ಬರು ಸಮೀಕ್ಷೆ ಎಂದು ಬಂದು, ಊರಿನ ಹನ್ನೊಂದು ಮುಸಲ್ಮಾನ ಮನೆಗಳ ಹೆಸರನ್ನಷ್ಟೇ ಬರೆದುಕೊಂಡು ಹೋಗಿದ್ದರು. ಹದಿನೈದು ದಿನದೊಳಗೆ, ಬೇರೆ ಊರಿನ ಗದ್ದಲವೊಂದರ ವಿಚಾರಣೆಗೆಂದು ಆಕೆಯ ತಮ್ಮ ಬಾಬಾಸಾಬನನ್ನು ಪೊಲೀಸರು ಕರೆದೊಯ್ದು ಸಂಜೆತನಕ ಕೂಡಿಸಿದ್ದರು. ಆ ಪಟ್ಟಿಗೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ, ಯಾರೂ ಹೇಳಲಿಲ್ಲ.

ಹಾಗಾಗಿ ಧಾರವಾಡದ ಸಂಸ್ಥೆಯೊಂದರಿಂದ ಅಮೃತಾ ಎಂಬವಳು ಜನರ ಅಹವಾಲು ಬರೆದುಕೊಳ್ಳಲು ಬಂದು ಹೆಸರು ಕೇಳಿದಾಗ ರಾಜಮಾಬಿ ಸೂಜಿಯಿಂದ ಕಣ್ಣೆತ್ತದೆ, "ಖಾಸಿಂಬಿ" ಎಂದಳು. ಅದು ತೀರಿಹೋದ ಅಕ್ಕನ ಹೆಸರು.

"ಇದೆಲ್ಲಾ ಎಲ್ಲಿಗಿ ಹೋಗ್ತದ್ರಿ?"

"ಜಿನೀವಾಕ್ಕ್ರಿ. ಅಲ್ಲೆ ವಿಶ್ವಸಂಸ್ಥೆಯೊಳಗ ದೇಶ ದೇಶದವರು ಕೂಡಿ, ಸಣ್ಣ ಜಮಾತಿನ ಮಂದೀನ ಹೆಂಗ ಕಾಯಬೇಕು ಅಂತ ಒಬ್ಬರಿಗೊಬ್ಬರು ಶಿಫಾರಸು ಮಾಡ್ತಾರ. ಆ ಮಂದಿಗೆ ಸಂಬಂಧಪಟ್ಟಿದ್ದನ್ನ ಅವರನ್ನ ಕೇಳದ ತೀರ್ಮಾನ ಮಾಡಬಾರದು ಅಂತ ಅದರಾಗೈತ್ರಿ."

"ಅವರು ಹೇಳಿದ್ರ ಇಲ್ಲಿಯವರು ಕೇಳ್ತಾರೇನು?"

"ಭಾಳ ಸಲ ಕೇಳೂದಿಲ್ರಿ."

ಈ ಉತ್ತರ ರಾಜಮಾಬಿಗೆ ಇಷ್ಟವಾಯಿತು. ಆದರೆ ಸಂಜೆ ನೀರಿಗೆ ಹೋದಾಗ ಅದೇ ಅಮೃತಾ ಹೊಳೆಪ್ಪನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವುದು ಕಂಡಿತು. ಹೊಳೆಪ್ಪ ಖಬರಸ್ತಾನದ ಬಾಜು ಹೊಲದವನು. ಹೋದ ವರ್ಷ ಹಳೆಯ ಕಾಲುದಾರಿಗೆ ಅಡ್ಡಲಾಗಿ ತಂತಿಬೇಲಿ ಹಾಕಿದ್ದ. ಆಮೇಲೆ ಬಾಬಾಸಾಬ ಸತ್ತಾಗ ಮಳೆಗಾಲ. ಹೆಣ ಹೊತ್ತವರು ಭತ್ತದ ಗದ್ದೆಯ ಕೆಸರಿನಲ್ಲಿ ಸುತ್ತುಹಾಕಿ ಎರಡು ಸಲ ಜಾರಿದ್ದರು.

ಮರುದಿನ ಅಮೃತಾ ಬಂದಾಗ ರಾಜಮಾಬಿ ಕೂಡ್ರಲು ಹೇಳಲಿಲ್ಲ.

"ಹೊಳೆಪ್ಪ ಏನಂದ?"

"ಅದನ್ನ ನಿಮಗ ಹೇಳೂದಿಲ್ರಿ. ನಿಮ್ಮ ಮಾತೂ ಅವರಿಗೆ ಹೇಳಿಲ್ಲ."

ರಾಜಮಾಬಿ ಚಾಪೆಯನ್ನು ಅವಳತ್ತ ಸರಿಸಿ, ದಾರಿಯ ವಿಷಯ ಹೇಳಿದಳು. ಬರೆದದ್ದನ್ನು ಓದಿ ಹೇಳಲು ಕೇಳಿದಳು. "ಇಲ್ಲಿನ ಅಲ್ಪಸಂಖ್ಯಾತರು ಭಯದಲ್ಲಿ ಬದುಕುತ್ತಿದ್ದಾರೆ" ಎಂದು ಅಮೃತಾ ಓದುತ್ತಿದ್ದಂತೆ ಕೈ ಅಡ್ಡ ಹಿಡಿದಳು.

"ಅಂಜಿಕಿ ಅಂತ ನಾ ಯಾವಾಗ ಅಂದೆ? ದಾರಿ ಅಂದೀನಿ. ಹೊಡದ ಹಾಕ್ರಿ ಅದನ್ನ."

ಅಮೃತಾ ಹೊಡೆದುಹಾಕಿದಳು. ಕೆಳಗೆ ಹೆಸರಿನ ಜಾಗ ಖಾಲಿ ಬಿಡಬೇಕೆಂದೂ ರಾಜಮಾಬಿ ಹೇಳಿದಳು. ಖಾಸಿಂಬಿ ಎಂದಿದ್ದನ್ನು ಅಳಿಸುವವರೆಗೆ ಅವಳನ್ನು ಎದ್ದೇಳಲು ಬಿಡಲಿಲ್ಲ.

ಶಿಫಾರಸಿನ ಕನ್ನಡ ಕರಪತ್ರವೊಂದನ್ನು ಅಮೃತಾ ಬಿಟ್ಟುಹೋಗಿದ್ದಳು. ಮೊಮ್ಮಗಳು ಮುಬಶಿರಾ ಅದನ್ನು ಎರಡು ಸಲ ಓದಿ ಹೇಳಿದಳು. ಮುಂದಿನ ಗ್ರಾಮಸಭೆಯಲ್ಲಿ ರಾಜಮಾಬಿ ಎದ್ದು ನಿಂತು, ತನ್ನ ನಿಜವಾದ ಹೆಸರನ್ನೇ ಹೇಳಿ, ಊರ ನಕಾಶೆ ತೆಗೆದು ದಾರಿ ತೋರಿಸಬೇಕೆಂದು ಕೇಳಿದಳು. ಜಿನೀವಾದ ಮಾತು ಎತ್ತಲಿಲ್ಲ. ಅದನ್ನು ಎತ್ತಿದರೆ ಹೊರಗಿನವರ ಮಾತು ಕೇಳಿ ಬಂದಿದ್ದಾಳೆ ಎನ್ನುತ್ತಾರೆಂದು ಅವಳಿಗೆ ಗೊತ್ತಿತ್ತು.

ನಕಾಶೆಯಲ್ಲಿ ದಾರಿ ಇತ್ತು. ತಿಂಗಳಾದ ಮೇಲೆ ಅಳತೆಯವರು ಬಂದು ಕಲ್ಲು ನೆಟ್ಟರು.

"ನನ್ನ ಕೇಳಿದ್ರ ನಾನ ತಗೀತಿದ್ನಲ್ಲಬೇ ಅಕ್ಕ" ಎಂದ ಹೊಳೆಪ್ಪ.

"ಮೂರ ಸಲ ಕೇಳೀನಿ."

ಅವನು ಬೇಲಿ ಬಿಚ್ಚಿ ಕಬ್ಬಿಣದ ಗೇಟು ಕೂಡ್ರಿಸಿದ, ದನ ನುಗ್ಗಬಾರದೆಂದು. ಅದಕ್ಕೊಂದು ಬೀಗವನ್ನೂ ಹಾಕಿದ.

"ಕೀಲಿ ನಮ್ಮನ್ಯಾಗ ಇರ್ತೈತಿ. ಬೇಕಾದಾಗ ಬಂದು ಇಸಗೊಳ್ರಿ."

"ಸತ್ತೋರು ನಿನ್ನ ಕೇಳಿ ಬರಬೇಕೇನೋ ಹೊಳೆಪ್ಪ?"

ಹೊಳೆಪ್ಪ ನಕ್ಕ. ಅವಳು ನಗಲಿಲ್ಲ. ಗೇಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಚೀಲದಿಂದ ಅರ್ಧ ಹೊಲಿದ ಕೌದಿ ತೆಗೆದು ಹೊಲಿಯತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಹೊಳೆಪ್ಪ ಬೀಗ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋದ. ಚಿಲಕವನ್ನು ಮಾತ್ರ ಬಿಟ್ಟಿದ್ದ. ಅವತ್ತಿನಿಂದ ರಾಜಮಾಬಿ ಪ್ರತಿ ಶುಕ್ರವಾರ ಅತ್ತ ಹೋಗಿ, ಚಿಲಕ ತೆಗೆದು, ಹಾಕಿ ನೋಡಿ ಬರುತ್ತಾಳೆ.