ಕೆಳರೆಪ್ಪೆಯ ಕೆಂಪು

ಕಾಯಿಲೆ ಕುರಿಯ ಕೆಳರೆಪ್ಪೆ ಎಳೆದು, ಒಳಗಿನ ಕೆಂಪು ನೋಡಿ, ಅದು ಎದ್ದೀತೋ ಇಲ್ಲವೋ ಎಂದು ಹೇಳುವುದರಲ್ಲಿ ತಾಳಗುಂದದ ತಿಪ್ಪೇಶನನ್ನು ಮೀರಿಸುವವರಿಲ್ಲ. ಹಾಗೆಂದು ಅವನೇ ಹೇಳುತ್ತಿದ್ದ. ಕುರಿಗೆ ಸೊಪ್ಪು ಕಡಿಯುವಾಗ ಮರದಿಂದ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ ಈಗ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಕಾಲುಗಳು ಇನ್ಯಾರದೋ ಎಂಬಂತೆ ದೂರದಲ್ಲಿವೆ. ಅವನ ಕಣ್ಣಿಗೆ, ಮೇಲೆ ತಿರುಗುವ ಫ್ಯಾನಿನ ಸುತ್ತ ಬಿಳಿ ಕುರಿಮಂದೆಯೊಂದು ಸದ್ದಿಲ್ಲದೆ ಮೇಯುತ್ತಿದೆ.

"ನಡೀತೀರೋ ಇಲ್ವೋ, ರಕ್ತದಲ್ಲಿ ಸುಳಿವು ಸಿಗುತ್ತೆ. ಖಾತ್ರಿ ಮಾತ್ರ ಅಲ್ಲ," ಎಂದು ರಕ್ತ ತೆಗೆಸಿದ ಡಾಕ್ಟರಮ್ಮ ಹೊರಟರು.

"ನನ್ನ ಇದ್ಯೆನೇ ಕಲ್ತು ಬಂದೈತಲ್ಲೇ ಈ ಯಮ್ಮ!" ಎಂದ ತಿಪ್ಪೇಶ, ಆಮೇಲೆ ಹೆಂಡತಿಗೆ ಮೆಲ್ಲಗೆ, "ಗುತ್ಯಮ್ಮಾ, ನನ್ ರೆಪ್ಪೆ ಎಳೆದು ನೋಡೇ," ಎಂದ.

ನೋಡಿದಳು. "ಕೆಂಪಗೈತ್ರಿ."

"ಅಂದ್ರೆ?"

"ಕುರಿ ಆಗಿದ್ರೆ ಏಳ್ತತಿ ಅಂತಿದ್ರಿ. ನೀವು ಗಂಡಸ್ರು, ಒಸಿ ತಡ."

ತಿಪ್ಪೇಶ ಫ್ಯಾನಿನತ್ತ ಕಣ್ಣೆತ್ತಿದ. ಮೇಲೆ ಮಂದೆ ಮೇಯುವುದನ್ನು ಬಿಟ್ಟು, ಅವನಿಗಾಗಿ ಕಾಯುತ್ತ ನಿಂತಂತೆ ಕಂಡಿತು.